ನಕ್ಷೆಯನ್ನು ಶೇಕಡಾ 141ಕ್ಕೆ ಹಿಗ್ಗಿಸಿದರೆ ಹೊಲದ ವಿಸ್ತೀರ್ಣ ಎಷ್ಟು ಪಟ್ಟಾಗುತ್ತದೆ?

ಪ್ರಶ್ನೆ: ಭರಮಸಾಗರದ ಓದುಗ

ನಮ್ಮ ಕುಟುಂಬದ ಹೊಲ ಭರಮಸಾಗರದ ಸಮೀಪದಲ್ಲಿದೆ. ಪಹಣಿಯಲ್ಲಿ ಅದರ ವಿಸ್ತೀರ್ಣ 6 ಎಕರೆ 8 ಗುಂಟೆ ಎಂದು ದಾಖಲಾಗಿದೆ. ಒಂದು ಬದಿಯಲ್ಲಿ ಹಳ್ಳ ಹರಿಯುವುದರಿಂದ ಹೊಲದ ಆಕಾರ ಆಯತವೂ ಅಲ್ಲ, ತ್ರಿಭುಜವೂ ಅಲ್ಲ. ಹಳ್ಳ ಹೇಗೆ ತಿರುಗಿದೆಯೋ ಗಡಿಯೂ ಹಾಗೆಯೇ ತಿರುಗಿದೆ. 1:7920 ಪ್ರಮಾಣದ ಗ್ರಾಮ ನಕ್ಷೆಯಲ್ಲಿ ನಮ್ಮ ಸರ್ವೆ ನಂಬರ್ ಇರುವ ಭಾಗವನ್ನು ಎ4 ಹಾಳೆಯಲ್ಲಿ ಪಡೆದುಕೊಂಡೆವು. ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳು ಅದರ ಮೇಲೆ ಪಾರದರ್ಶಕ ಮಿಲಿಮೀಟರ್ ಗ್ರಾಫ್ ಹಾಳೆಯನ್ನಿಟ್ಟು ಚೌಕಗಳನ್ನು ಎಣಿಸಿದಳು. ಪೂರ್ತಿಯಾಗಿ ಗಡಿಯ ಒಳಗಿರುವ ಚೌಕಗಳು 348, ಗಡಿರೇಖೆ ಹಾದುಹೋಗುವ ಚೌಕಗಳು 104 ಇದ್ದವು. ಈ 104ರಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾಗ ಒಳಗಿರುವ 52 ಚೌಕಗಳನ್ನು ಮಾತ್ರ ಸೇರಿಸಿಕೊಂಡು ಒಟ್ಟು 400 ಚದರ ಮಿಲಿಮೀಟರ್ ಎಂದು ಲೆಕ್ಕ ಹಾಕಿದಳು. ನಕ್ಷೆಯ ಪ್ರಮಾಣದಂತೆ ಇದು 6.2 ಎಕರೆ, ಅಂದರೆ ಪಹಣಿಯಲ್ಲಿರುವಷ್ಟೇ.

ಗಡಿಯ ವಿವರ ಇನ್ನೂ ಸ್ಪಷ್ಟವಾಗಿ ಕಾಣಲೆಂದು ಅದೇ ಹಾಳೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಗೆ ದೊಡ್ಡದು ಮಾಡಿಸಿದೆವು. ಯಂತ್ರದ ಮೇಲೆ ಶೇಕಡಾ 141 ಎಂದು ತೋರಿಸುತ್ತಿತ್ತು. ದೊಡ್ಡ ಪ್ರತಿಯಲ್ಲಿ ಎಣಿಸಿದಾಗ ಸುಮಾರು 800 ಚದರ ಮಿಲಿಮೀಟರ್ ಬಂದಿತು. ಇಲ್ಲಿಯೇ ನನ್ನ ತಮ್ಮನಿಗೂ ಮಗಳಿಗೂ ಭಿನ್ನಾಭಿಪ್ರಾಯ ಉಂಟಾಗಿದೆ. ಯಂತ್ರ 1.41 ಪಟ್ಟು ಹಿಗ್ಗಿಸಿದ ಮೇಲೆ 800ನ್ನು 1.41ರಿಂದಲೇ ಭಾಗಿಸಬೇಕು ಎಂಬುದು ತಮ್ಮನ ವಾದ. ಹಾಗೆ ಮಾಡಿದರೆ ಹೊಲ 8 ಎಕರೆ 32 ಗುಂಟೆಯಷ್ಟಾಗುತ್ತದೆ. ಎರಡರಿಂದ ಭಾಗಿಸಬೇಕು ಎನ್ನುವುದು ಮಗಳ ವಾದ. ಪಹಣಿ ಮಗಳ ಕಡೆಗಿದೆ ಎಂಬುದು ನಿಜ, ಆದರೆ ಉತ್ತರ ತಾಳೆಯಾಯಿತು ಎಂಬುದನ್ನೇ ಕಾರಣವೆಂದು ಒಪ್ಪಿಕೊಳ್ಳುವುದಕ್ಕೆ ನನಗೆ ಮನಸ್ಸಿಲ್ಲ.

ಆದ್ದರಿಂದ ನನ್ನ ಪ್ರಶ್ನೆಗಳು ಎರಡು. ಯಂತ್ರ 141 ಎಂದು ತೋರಿಸಿರುವಾಗ ವಿಸ್ತೀರ್ಣ ಎರಡು ಪಟ್ಟಾಗುವುದು ಹೇಗೆ? ಸಮರೂಪ ತ್ರಿಭುಜಗಳ ವಿಸ್ತೀರ್ಣಗಳ ಅನುಪಾತವು ಅನುರೂಪ ಬಾಹುಗಳ ವರ್ಗಗಳ ಅನುಪಾತಕ್ಕೆ ಸಮ ಎಂಬ ಪ್ರಮೇಯವನ್ನು ನಾವೆಲ್ಲ ಓದಿದ್ದೇವೆ. ಬಾಹುಗಳೇ ಇಲ್ಲದ, ಹಳ್ಳದ ಜೊತೆ ಬಳುಕುವ ಗಡಿಗೂ ಅದು ಅನ್ವಯಿಸುತ್ತದೆಯೇ, ಅನ್ವಯಿಸುವುದಾದರೆ ಏಕೆ?

ಉತ್ತರ: ಗಣಿತ ಶಿಕ್ಷಕಿ, ಹಿರಿಯೂರು

ಮಾನ್ಯರೇ, ತಮ್ಮ ಮಗಳ ಲೆಕ್ಕ ಸರಿಯಾಗಿದೆ. ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಯಂತ್ರ ತೋರಿಸುವ 141 ಉದ್ದದ ಹಿಗ್ಗುವಿಕೆಯೇ ಹೊರತು ವಿಸ್ತೀರ್ಣದ್ದಲ್ಲ. ಎ4 ಹಾಳೆಯ ಅಳತೆ 210 ಮಿ.ಮೀ. ಮತ್ತು 297 ಮಿ.ಮೀ.; ಎ3 ಹಾಳೆಯದು 297 ಮಿ.ಮೀ. ಮತ್ತು 420 ಮಿ.ಮೀ. ಅಗಲವೂ ಉದ್ದವೂ ತಲಾ 1.414 ಪಟ್ಟಾಗಿವೆ. ವಿಸ್ತೀರ್ಣವನ್ನು ಗುಣಿಸಿ ನೋಡಿದರೆ ಎ4 ಹಾಳೆ 62,370 ಚದರ ಮಿ.ಮೀ., ಎ3 ಹಾಳೆ 1,24,740 ಚದರ ಮಿ.ಮೀ.; ಸರಿಯಾಗಿ ಎರಡು ಪಟ್ಟು. ಎರಡರ ವರ್ಗಮೂಲ 1.414 ಆಗಿರುವುದರಿಂದಲೇ ಯಂತ್ರದಲ್ಲಿ 141 ಎಂಬ ವಿಚಿತ್ರ ಸಂಖ್ಯೆ ಇರುವುದು. ಇದೇ ಕಾರಣಕ್ಕೆ, ಶೇಕಡಾ 50ಕ್ಕೆ ಕುಗ್ಗಿಸಿದ ಪ್ರತಿ ಮೂಲ ಚಿತ್ರದ ಅರ್ಧ ಜಾಗವನ್ನಲ್ಲ, ಕಾಲು ಭಾಗ ಜಾಗವನ್ನು ಮಾತ್ರ ತುಂಬುತ್ತದೆ.

ತಮ್ಮ ಎರಡನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ, ಅದಕ್ಕೆ ಸ್ವಲ್ಪ ವಿಸ್ತಾರವಾಗಿ ಉತ್ತರಿಸಬೇಕು. ತರಗತಿಯಲ್ಲಿ ನಾವು ಆಯತಕ್ಕೆ ಉದ್ದ ಗುಣಿಸು ಅಗಲ, ತ್ರಿಭುಜಕ್ಕೆ ಪಾದ ಗುಣಿಸು ಎತ್ತರದ ಅರ್ಧ, ವೃತ್ತಕ್ಕೆ ಪೈ ಗುಣಿಸು ತ್ರಿಜ್ಯದ ವರ್ಗ ಎಂದು ಒಂದೊಂದು ಸೂತ್ರವನ್ನು ಪ್ರತ್ಯೇಕವಾಗಿ ಕಲಿಸುತ್ತೇವೆ. ಪ್ರತಿಯೊಂದರಲ್ಲೂ ಎರಡು ಉದ್ದಗಳು ಒಂದನ್ನೊಂದು ಗುಣಿಸುತ್ತವೆ. ಅರ್ಧ, ಪೈ ಮೊದಲಾದ ಸ್ಥಿರ ಸಂಖ್ಯೆಗಳು ಮಾತ್ರ ಆಕಾರದಿಂದ ಆಕಾರಕ್ಕೆ ಬೇರೆಯಾಗುತ್ತವೆ. ತ್ರಿಜ್ಯ 7 ಸೆಂ.ಮೀ. ಇರುವ ವೃತ್ತದ ವಿಸ್ತೀರ್ಣ 154 ಚದರ ಸೆಂ.ಮೀ.; ತ್ರಿಜ್ಯವನ್ನು 14 ಮಾಡಿದರೆ 616, ಅಂದರೆ ನಾಲ್ಕು ಪಟ್ಟು. ಅದೇ ವೃತ್ತದ ಪರಿಧಿ 44ರಿಂದ 88ಕ್ಕೆ, ಎರಡೇ ಪಟ್ಟು ಏರುತ್ತದೆ. ಆದರೆ ಸೂತ್ರಗಳ ಮೂಲಕ ಹೋದರೆ, ಸೂತ್ರವೇ ಇಲ್ಲದ ಆಕಾರದ ಮುಂದೆ ವಿದ್ಯಾರ್ಥಿ ನಿಂತುಬಿಡುತ್ತಾನೆ. ತಮ್ಮ ಹೊಲ ಅಂತಹ ಆಕಾರ.

ಹಾಗಾಗಿ ವಿಸ್ತೀರ್ಣ ಎಂದರೇನು ಎಂಬಲ್ಲಿಂದಲೇ ಆರಂಭಿಸೋಣ. ಒಂದು ಆಕಾರದೊಳಗೆ ನಿಗದಿತ ಅಳತೆಯ ಚೌಕಗಳು ಎಷ್ಟು ಹಿಡಿಯುತ್ತವೆ ಎಂಬುದೇ ವಿಸ್ತೀರ್ಣ. ಈಗ ತಮ್ಮ ಮಗಳು ಗ್ರಾಫ್ ಹಾಳೆಯನ್ನು ನಕ್ಷೆಯ ಮೇಲೆ ಅಂಟಿಸಿ, ನಕ್ಷೆ ಮತ್ತು ಗ್ರಾಫ್ ಎರಡನ್ನೂ ಒಟ್ಟಿಗೆ ಜೆರಾಕ್ಸ್ ಮಾಡಿಸಿದ್ದಾಳೆ ಎಂದು ಭಾವಿಸಿರಿ. ದೊಡ್ಡ ಪ್ರತಿಯಲ್ಲಿ ಹೊಲದೊಳಗಿನ ಚೌಕಗಳನ್ನು ಮತ್ತೆ ಎಣಿಸಿದರೆ ಸಂಖ್ಯೆ ಎಷ್ಟಿರುತ್ತದೆ? ಮೊದಲು ಎಷ್ಟಿತ್ತೋ ಅಷ್ಟೇ: ಒಳಗೆ 348, ಗಡಿಯ ಮೇಲೆ 104. ಯಾವ ಚೌಕವೂ ಹೊಲದಿಂದ ಹೊರಗೆ ಹೋಗಿಲ್ಲ, ಹೊಸದಾಗಿ ಯಾವುದೂ ಒಳಗೆ ಬಂದಿಲ್ಲ. ಬದಲಾಗಿರುವುದು ಒಂದೊಂದು ಚೌಕದ ಗಾತ್ರ ಮಾತ್ರ. 1 ಮಿ.ಮೀ. ಬಾಹುವಿನ ಚೌಕ ಈಗ 1.414 ಮಿ.ಮೀ. ಬಾಹುವಿನ ಚೌಕವಾಗಿದೆ, ಅದರ ವಿಸ್ತೀರ್ಣ 2 ಚದರ ಮಿ.ಮೀ. ಆಗಿದೆ. ಪ್ರತಿಯೊಂದು ಚೌಕವೂ ಎರಡು ಪಟ್ಟಾದ ಮೇಲೆ, ಅವುಗಳಿಂದಲೇ ಅಳೆಯಲ್ಪಡುವ ಹೊಲವೂ ಎರಡು ಪಟ್ಟಾಗಲೇಬೇಕು. ಗಡಿ ನೇರವಾಗಿದೆಯೇ ಬಳುಕಿದೆಯೇ ಎಂಬ ಪ್ರಶ್ನೆ ಈ ವಾದದಲ್ಲಿ ಎಲ್ಲಿಯೂ ಏಳುವುದಿಲ್ಲ.

ಗಡಿಯ ಮೇಲಿನ ಅರೆಬರೆ ಚೌಕಗಳ ಬಗ್ಗೆ ತಮಗೆ ಅನುಮಾನ ಉಳಿಯಬಹುದು, ಮತ್ತು ಅದು ನ್ಯಾಯವಾದ ಅನುಮಾನ. ಅರ್ಧಕ್ಕಿಂತ ಹೆಚ್ಚಿರುವುದನ್ನು ಸೇರಿಸಿ ಕಡಿಮೆಯಿರುವುದನ್ನು ಬಿಡುವುದು ಅಂದಾಜಿನ ಪದ್ಧತಿಯಷ್ಟೇ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಹೊಲದ ವಿಸ್ತೀರ್ಣ 348ಕ್ಕಿಂತ ಕಡಿಮೆ ಇರಲಾರದು, 348 ಮತ್ತು 104 ಸೇರಿದ 452ಕ್ಕಿಂತ ಹೆಚ್ಚಿರಲಾರದು. ಹಿಗ್ಗಿಸಿದ ಪ್ರತಿಯಲ್ಲಿ ಈ ಎರಡು ಮಿತಿಗಳು 696 ಮತ್ತು 904 ಆಗುತ್ತವೆ. ಈಗ ಚೌಕದ ಬಾಹುವನ್ನು ಅರ್ಧ ಮಿ.ಮೀ.ಗೆ ಇಳಿಸಿ ನೋಡಿರಿ. ಗಡಿಯನ್ನು ಮುಟ್ಟುವ ಚೌಕಗಳ ಸಂಖ್ಯೆ ಹೆಚ್ಚುಕಡಿಮೆ ಎರಡು ಪಟ್ಟಾಗಿ 208ರ ಆಸುಪಾಸಿಗೆ ಬರುತ್ತದೆ, ಏಕೆಂದರೆ ಗಡಿ ಒಂದು ಉದ್ದ. ಆದರೆ ಒಂದೊಂದು ಚೌಕದ ವಿಸ್ತೀರ್ಣ ಕಾಲು ಚದರ ಮಿ.ಮೀ.ಗೆ ಇಳಿದಿರುವುದರಿಂದ ಎರಡು ಮಿತಿಗಳ ನಡುವಿನ ಅಂತರ 104ರಿಂದ ಸುಮಾರು 52ಕ್ಕೆ ಕುಗ್ಗುತ್ತದೆ. ಬಾಹುವನ್ನು ಇನ್ನೊಮ್ಮೆ ಅರ್ಧ ಮಾಡಿದರೆ 26, ಮತ್ತೊಮ್ಮೆ ಮಾಡಿದರೆ 13. ಹೀಗೆ ಅಂತರ ಬೇಕಾದಷ್ಟು ಕಿರಿದಾಗುತ್ತಾ ಹೋಗುತ್ತದೆ; ಪ್ರತಿ ಹಂತದಲ್ಲಿಯೂ ಹಿಗ್ಗಿಸಿದ ಪ್ರತಿಯ ಮಿತಿಗಳು ಮೂಲದ ಮಿತಿಗಳ ಸರಿಯಾಗಿ ಎರಡು ಪಟ್ಟಾಗಿಯೇ ಇರುತ್ತವೆ. ಎರಡು ಮಿತಿಗಳ ನಡುವೆ ಸಿಕ್ಕಿಕೊಂಡ ವಿಸ್ತೀರ್ಣಕ್ಕೆ ಎರಡು ಪಟ್ಟು ಎಂಬುದನ್ನು ಬಿಟ್ಟು ಬೇರೆ ಬೆಲೆ ಸಾಧ್ಯವಿಲ್ಲ.

ಇದನ್ನು ನಾನು ಬಹಳ ಸುಂದರವಾದ ವಾದವೆಂದು ಭಾವಿಸುತ್ತೇನೆ, ಏಕೆಂದರೆ ಉದ್ದವು ಒಂದು ರೀತಿಯಲ್ಲಿಯೂ ವಿಸ್ತೀರ್ಣವು ಇನ್ನೊಂದು ರೀತಿಯಲ್ಲಿಯೂ ಬದಲಾಗುತ್ತದೆ ಎಂಬ ಸಂಗತಿಯೇ ಇಲ್ಲಿ ಗಡಿಯ ಅನುಮಾನವನ್ನು ನಿವಾರಿಸುತ್ತದೆ. ತಮ್ಮ ತಮ್ಮನವರಿಗೆ ಇನ್ನೊಂದು ದಾರಿಯಿಂದಲೂ ವಿವರಿಸಬಹುದು. 7920ನ್ನು 1.414ರಿಂದ ಭಾಗಿಸಿದರೆ ದೊಡ್ಡ ಪ್ರತಿಯ ಪ್ರಮಾಣ 1:5600 ಎಂದು ಸಿಗುತ್ತದೆ. ಅದರಲ್ಲಿ 1 ಮಿ.ಮೀ. ಎಂದರೆ ನೆಲದ ಮೇಲೆ 5.6 ಮೀಟರ್, 1 ಚದರ ಮಿ.ಮೀ. ಎಂದರೆ 31.36 ಚದರ ಮೀಟರ್. ಅದನ್ನು 800ರಿಂದ ಗುಣಿಸಿದರೆ 25,088 ಚದರ ಮೀಟರ್ ಬರುತ್ತದೆ, ಅದು 6.2 ಎಕರೆಯೇ. ಈ ದಾರಿಯಲ್ಲಿ ಎರಡರಿಂದಲೂ 1.41ರಿಂದಲೂ ಭಾಗಿಸುವ ಪ್ರಶ್ನೆಯೇ ಬರುವುದಿಲ್ಲ.

ಉತ್ತರ: ನಿವೃತ್ತ ಭೂಮಾಪಕ, ದಾವಣಗೆರೆ

ಮೇಡಂ ಅವರ ವಿವರಣೆಗೆ ನಮ್ಮ ವೃತ್ತಿಯ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸಬಯಸುತ್ತೇನೆ. ನಾವು ಬಳಸುತ್ತಿದ್ದ ಸರಪಳಿಯ ಉದ್ದ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂತಹ 40 ಗುಂಟೆಗೆ ಒಂದು ಎಕರೆ. ಗ್ರಾಮ ನಕ್ಷೆಯ 1:7920 ಎಂಬ ಪ್ರಮಾಣವೂ ಇದಕ್ಕೆ ಹೊಂದಿಕೊಂಡಿದೆ. ನಕ್ಷೆಯ ಒಂದು ಇಂಚು ನೆಲದ ಮೇಲೆ 660 ಅಡಿ, ಅಂದರೆ 20 ಸರಪಳಿ. ಹಾಗಾದರೆ ನಕ್ಷೆಯ ಒಂದು ಚದರ ಇಂಚು 20 ಗುಂಟೆಯಲ್ಲ, 20ರ ವರ್ಗವಾದ 400 ಗುಂಟೆ, ಅಂದರೆ 10 ಎಕರೆ. ತಮ್ಮ 400 ಚದರ ಮಿ.ಮೀ. ಎಂದರೆ 0.62 ಚದರ ಇಂಚು, 248 ಗುಂಟೆ, 6 ಎಕರೆ 8 ಗುಂಟೆ. ಲೆಕ್ಕ ಸರಿಹೋಗುತ್ತದೆ.

ಸರಪಳಿಯನ್ನು 16 ಆಣೆಗಳಾಗಿ ಭಾಗಿಸುತ್ತಿದ್ದೆವು, ಗುಂಟೆಯನ್ನೂ 16 ಆಣೆಗಳಾಗಿ ಭಾಗಿಸುತ್ತೇವೆ. ಒಂದು ಉದ್ದದ ಆಣೆ, ಇನ್ನೊಂದು ವಿಸ್ತೀರ್ಣದ ಆಣೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಎಡವುವ ಜಾಗ ಇದೇ. 8 ಆಣೆ ಉದ್ದ, 8 ಆಣೆ ಅಗಲದ ತುಂಡು ನೋಡುವುದಕ್ಕೆ ಅರ್ಧ ಗುಂಟೆ ಎನ್ನಿಸುತ್ತದೆ, ಆದರೆ ಅದು ಕಾಲು ಗುಂಟೆ, ಅಂದರೆ ವಿಸ್ತೀರ್ಣದಲ್ಲಿ 4 ಆಣೆ ಮಾತ್ರ. ಬಾಹು ಅರ್ಧವಾದಾಗ ವಿಸ್ತೀರ್ಣ ಕಾಲಾಗುತ್ತದೆ ಎಂಬ ನಿಯಮವನ್ನು ನಾವು ಪುಸ್ತಕಕ್ಕಿಂತ ಹೆಚ್ಚಾಗಿ ಇಲ್ಲಿಂದಲೇ ಕಲಿತೆವು.

ಇನ್ನು ಜೆರಾಕ್ಸ್ ಪ್ರತಿಯ ಮೇಲೆ ಅಳೆಯುವವರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಉದ್ದದಲ್ಲಿ ಶೇಕಡಾ 1ರಷ್ಟು ವ್ಯತ್ಯಾಸವಿದ್ದರೆ ವಿಸ್ತೀರ್ಣದಲ್ಲಿ ಅದು ಶೇಕಡಾ 2ರಷ್ಟಾಗುತ್ತದೆ, 1.01ರ ವರ್ಗ 1.0201. ತಮ್ಮ 248 ಗುಂಟೆಯ ಹೊಲದಲ್ಲಿ ಶೇಕಡಾ 2 ಎಂದರೆ ಸುಮಾರು 5 ಗುಂಟೆ, ಅದು ಸಣ್ಣ ಜಾಗವಲ್ಲ. ಹಳೆಯ ಕಾಗದ ತೇವಕ್ಕೆ ಹಿಗ್ಗಿ ಬಿಸಿಲಿಗೆ ಕುಗ್ಗಿರುತ್ತದೆ, ಯಂತ್ರವೂ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಮನಾಗಿ ಹಿಗ್ಗಿಸದೆ ಇರಬಹುದು. ಆದ್ದರಿಂದ ಮೂಲ ನಕ್ಷೆಯ ಮೇಲೆ ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು ಹೀಗೆ 100 ಮಿ.ಮೀ.ನ ಎರಡು ಗೆರೆಗಳನ್ನು ಎಳೆದು, ಪ್ರತಿಯಲ್ಲಿ ಅವು ಎಷ್ಟಾಗಿವೆ ಎಂದು ಅಳೆದು, ಆ ಎರಡು ಸಂಖ್ಯೆಗಳನ್ನು ಗುಣಿಸಿಕೊಳ್ಳುವುದು ಒಳ್ಳೆಯದು. ಒಂದು 141.4, ಇನ್ನೊಂದು 140 ಬಂದರೆ ವಿಸ್ತೀರ್ಣ 2 ಪಟ್ಟಲ್ಲ, 1.98 ಪಟ್ಟು. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಚಿತ್ರಕ್ಕೆ ಈ ಯಾವ ಲೆಕ್ಕವೂ ಸಲ್ಲದು, ಏಕೆಂದರೆ ಅಲ್ಲಿ ಹತ್ತಿರದ ಭಾಗ ಒಂದು ಪ್ರಮಾಣದಲ್ಲಿ, ದೂರದ ಭಾಗ ಇನ್ನೊಂದು ಪ್ರಮಾಣದಲ್ಲಿ ಇರುತ್ತದೆ. ಗಡಿಯ ಬಗ್ಗೆ ಅಕ್ಕಪಕ್ಕದವರೊಂದಿಗೆ ತಕರಾರಿದ್ದರೆ ನಕ್ಷೆಯ ಪ್ರತಿಯನ್ನು ನಂಬದೆ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಅಳತೆಯಿಂದ ಗಡಿ ಗುರುತಿಸಿಕೊಡುವುದಕ್ಕೆ, ಅರ್ಜಿ ಕೊಡುವುದೇ ಸರಿಯಾದ ಮಾರ್ಗ.

ಉತ್ತರ: ಚನ್ನಗಿರಿಯ ಅಡಿಕೆ ಬೆಳೆಗಾರ

ಈ ಚರ್ಚೆಯನ್ನು ಓದುತ್ತಿದ್ದಾಗ ನಮ್ಮ ತೋಟದ ಲೆಕ್ಕವೂ ಇದೇ ನಿಯಮಕ್ಕೆ ಒಳಪಟ್ಟಿದೆ ಎಂದು ಮನವರಿಕೆಯಾಯಿತು. ಅಡಿಕೆ ಸಸಿಗಳನ್ನು 9 ಅಡಿಗೆ 9 ಅಡಿ ಅಂತರದಲ್ಲಿ ನೆಟ್ಟರೆ ಒಂದು ಸಸಿಯ ಪಾಲಿಗೆ 81 ಚದರ ಅಡಿ ಬರುತ್ತದೆ, ಒಂದು ಎಕರೆಯ 43,560 ಚದರ ಅಡಿಯಲ್ಲಿ ಸುಮಾರು 538 ಸಸಿಗಳು ಹಿಡಿಯುತ್ತವೆ. ಅಂತರವನ್ನು ಒಂದೇ ಅಡಿ ತಗ್ಗಿಸಿ 8 ಅಡಿ ಮಾಡಿದರೆ ಸಂಖ್ಯೆ 680ಕ್ಕೆ ಏರುತ್ತದೆ. ಅಂತರದಲ್ಲಿ ಒಂಬತ್ತನೆಯ ಒಂದು ಭಾಗ ಮಾತ್ರ ಕಡಿಮೆಯಾಗಿದ್ದರೂ ಸಸಿಗಳು ಕಾಲು ಭಾಗಕ್ಕಿಂತಲೂ ಹೆಚ್ಚಾಗಿವೆ, ಅದಕ್ಕೆ ತಕ್ಕಂತೆ ನೀರು, ಗೊಬ್ಬರ, ಬೆಳಕು ಹಂಚಿಹೋಗುತ್ತವೆ. ಒಂದು ಅಡಿಯಲ್ಲಿ ಏನು ಮಹಾ ವ್ಯತ್ಯಾಸ ಎಂದು ಕೇಳುವವರಿಗೆ ಈ ಲೆಕ್ಕವನ್ನು ತೋರಿಸಬೇಕು.

ಬೇಲಿಯ ವಿಚಾರದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಚೌಕಾಕಾರದ ಒಂದು ಎಕರೆಯ ಬಾಹು ಸುಮಾರು 208.7 ಅಡಿ, ಅದರ ಸುತ್ತ ಬೇಲಿ 835 ಅಡಿ. ಚೌಕಾಕಾರದ ನಾಲ್ಕು ಎಕರೆಗೆ ಬಾಹು ಎರಡು ಪಟ್ಟು, ಬೇಲಿಯೂ ಎರಡೇ ಪಟ್ಟು, 1,670 ಅಡಿ. ಅದೇ ನಾಲ್ಕು ಎಕರೆ ನಾಲ್ವರು ಅಣ್ಣತಮ್ಮಂದಿರಿಗೆ ಸಮನಾಗಿ ಪಾಲಾಗಿ ಒಬ್ಬೊಬ್ಬರೂ ತಮ್ಮ ತಮ್ಮ ಬೇಲಿ ಹಾಕಿಸಿದರೆ ಒಟ್ಟು 3,340 ಅಡಿ ಬೇಕು. ನಡುವಿನ ಬೇಲಿಯನ್ನು ಹಂಚಿಕೊಂಡರೂ 2,505 ಅಡಿ ಬೇಕು. ನೆಲ ಒಂದು ಗುಂಟೆಯೂ ಹೆಚ್ಚಾಗಿಲ್ಲ, ಆದರೆ ಬೇಲಿಯ ಖರ್ಚು ಒಂದೂವರೆ ಪಟ್ಟಾಗಿದೆ. ಹಿಡುವಳಿ ಚಿಕ್ಕದಾದಷ್ಟೂ ಎಕರೆವಾರು ಖರ್ಚು ಏಕೆ ಏರುತ್ತದೆ ಎಂಬುದಕ್ಕೆ ಇದೂ ಒಂದು ಕಾರಣ.

ಮರುಪ್ರಶ್ನೆ: ಭರಮಸಾಗರದ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಚೌಕಗಳ ಸಂಖ್ಯೆ ಬದಲಾಗುವುದಿಲ್ಲ, ಚೌಕದ ಗಾತ್ರ ಬದಲಾಗುತ್ತದೆ ಎಂಬ ಮಾತು ತಮ್ಮನಿಗೆ ಒಪ್ಪಿಗೆಯಾಗಿದೆ. ಅವನದು ಈಗ ಇನ್ನೊಂದು ಪ್ರಶ್ನೆ ಇದೆ. ದಾವಣಗೆರೆಯಲ್ಲಿ ಅವನು ನೋಡಿರುವ ನಿವೇಶನ 40 ಅಡಿಗೆ 60 ಅಡಿ. ಅವನಿಗೆ ಇಷ್ಟವಾದ ಮನೆಯ ನಕ್ಷೆ 30ಕ್ಕೆ 40ರ ನಿವೇಶನದ್ದು. ವಿಸ್ತೀರ್ಣ 1,200ರಿಂದ 2,400 ಚದರ ಅಡಿಗೆ ಸರಿಯಾಗಿ ಎರಡು ಪಟ್ಟಾಗುವುದರಿಂದ, ಅದೇ ಮನೆಯ ನಕ್ಷೆಯನ್ನು ಶೇಕಡಾ 141ಕ್ಕೆ ಹಿಗ್ಗಿಸಿ ಬಳಸಬಹುದಲ್ಲವೇ ಎಂದು ಕೇಳುತ್ತಿದ್ದಾನೆ.

ಉತ್ತರ: ಗಣಿತ ಶಿಕ್ಷಕಿ, ಹಿರಿಯೂರು

ಬಳಸಲಾಗುವುದಿಲ್ಲ. ವಿಸ್ತೀರ್ಣ ಎರಡು ಪಟ್ಟಾದ ಮಾತ್ರಕ್ಕೆ ಆಕಾರಗಳು ಸಮರೂಪವಾಗಬೇಕೆಂದಿಲ್ಲ. 30ಕ್ಕೆ 40ರ ನಿವೇಶನವನ್ನು 1.414 ಪಟ್ಟು ಹಿಗ್ಗಿಸಿದರೆ ಸುಮಾರು 42.4ಕ್ಕೆ 56.6 ಅಡಿಯ ನಿವೇಶನ ಸಿಗುತ್ತದೆ. ಅದು 40 ಅಡಿ ಅಗಲದೊಳಗೆ ಕೂರುವುದಿಲ್ಲ. 40ಕ್ಕೆ 60ರ ನಿವೇಶನದಲ್ಲಿ ಅಗಲ 1.333 ಪಟ್ಟು, ಉದ್ದ 1.5 ಪಟ್ಟು ಹೆಚ್ಚಿದೆ. ಎರಡನ್ನೂ ಗುಣಿಸಿದಾಗ 2 ಬರುತ್ತದೆ. ವಾಸ್ತವದಲ್ಲಿ ಇದೇ ಹೆಚ್ಚು ವ್ಯಾಪಕವಾದ ನಿಯಮ. ಒಂದು ದಿಕ್ಕಿನಲ್ಲಿ ಒಂದು ಪ್ರಮಾಣದಿಂದಲೂ ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಇನ್ನೊಂದು ಪ್ರಮಾಣದಿಂದಲೂ ಹಿಗ್ಗಿಸಿದರೆ ವಿಸ್ತೀರ್ಣ ಆ ಎರಡು ಪ್ರಮಾಣಗಳ ಗುಣಲಬ್ಧದಷ್ಟು ಪಟ್ಟಾಗುತ್ತದೆ, ಗಡಿ ಎಷ್ಟೇ ಬಳುಕಿದ್ದರೂ ಸರಿ. ಹಿಂದಿನ ಚೌಕಗಳ ವಾದದಲ್ಲಿ ಚೌಕದ ಬದಲು ಆಯತವನ್ನು ಇಟ್ಟುಕೊಂಡರೆ ಸಾಕು. ಎರಡು ಪ್ರಮಾಣಗಳೂ ಒಂದೇ ಆದಾಗ ಆ ಗುಣಲಬ್ಧ ವರ್ಗವಾಗುತ್ತದೆ. ಆದರೆ ಅಸಮವಾಗಿ ಹಿಗ್ಗಿಸಿದಾಗ ವೃತ್ತ ವೃತ್ತವಾಗಿ ಉಳಿಯುವುದಿಲ್ಲ, ಕರ್ಣದ ಕೋನಗಳು ಉಳಿಯುವುದಿಲ್ಲ, ಚೌಕಾಕಾರದ ಕೋಣೆ ಉದ್ದನೆಯ ಕೋಣೆಯಾಗುತ್ತದೆ.

ಆಕಾರ ಕೆಡದಂತೆ ಹಿಗ್ಗಿಸಬೇಕಾದರೆ ಅಗಲದ ಮಿತಿಯಾದ 1.333 ಪಟ್ಟನ್ನೇ ಎರಡೂ ಕಡೆಗೆ ಬಳಸಬೇಕು. ಆಗ 40ಕ್ಕೆ 53.3 ಅಡಿ, ಸುಮಾರು 2,133 ಚದರ ಅಡಿ ಬಳಕೆಯಾಗಿ, ಉಳಿದ 267 ಚದರ ಅಡಿ ಹಿಂದೆಯೋ ಮುಂದೆಯೋ ಪಟ್ಟಿಯಾಗಿ ಉಳಿಯುತ್ತದೆ. ಅದಕ್ಕಿಂತಲೂ ಮುಖ್ಯವಾಗಿ, ನಕ್ಷೆಯನ್ನು ಹಿಗ್ಗಿಸಿದಾಗ 9 ಇಂಚಿನ ಗೋಡೆ 12 ಇಂಚಿನದಾಗುತ್ತದೆ, 3 ಅಡಿಯ ಬಾಗಿಲು 4 ಅಡಿಯದಾಗುತ್ತದೆ. ಮನುಷ್ಯರು ಹಿಗ್ಗುವುದಿಲ್ಲವಾದ್ದರಿಂದ ಮನೆಯ ನಕ್ಷೆಯನ್ನು ಹೊಸದಾಗಿ ಬರೆಸುವುದೇ ಉಚಿತ.

ಉತ್ತರ: ಸಂಸ್ಕೃತ ಉಪನ್ಯಾಸಕ, ಚಿತ್ರದುರ್ಗ

ಆಕಾರವನ್ನು ಹಾಗೆಯೇ ಉಳಿಸಿಕೊಂಡು ವಿಸ್ತೀರ್ಣವನ್ನು ಮಾತ್ರ ಹೆಚ್ಚಿಸುವ ಸಮಸ್ಯೆ ನಮ್ಮ ದೇಶದಲ್ಲಿ ಬಹಳ ಹಳೆಯದು. ಯಜ್ಞವೇದಿಗಳ ರಚನೆಯನ್ನು ವಿವರಿಸುವ ಶುಲ್ಬಸೂತ್ರಗಳಲ್ಲಿ ಅಗ್ನಿಚಿತಿಯ (ಇಟ್ಟಿಗೆಯ ಯಜ್ಞವೇದಿಯ) ವಿಸ್ತೀರ್ಣ ಮೊದಲ ಸಲ ಏಳೂವರೆ ಚದರ ಪುರುಷ (ಪುರುಷ ಎಂದರೆ ಕೈ ಮೇಲೆತ್ತಿ ನಿಂತ ಮನುಷ್ಯನಷ್ಟು ಉದ್ದದ ಅಳತೆ) ಇರಬೇಕೆಂದೂ, ಮುಂದಿನ ಸಲ ಎಂಟೂವರೆ, ಅದರ ಮುಂದಿನ ಸಲ ಒಂಬತ್ತೂವರೆ, ಹೀಗೆ ನೂರಾ ಒಂದೂವರೆಯವರೆಗೆ ಏರಿಸುತ್ತಾ ಹೋಗಬೇಕೆಂದೂ ವಿಧಿಸಲಾಗಿದೆ. ಹಕ್ಕಿಯ ಆಕಾರದ ಚಿತಿಯಾದರೆ ಅದರ ರೆಕ್ಕೆ, ಬಾಲ, ಮೈ ಎಲ್ಲವೂ ಅದೇ ಅನುಪಾತದಲ್ಲಿ ಬೆಳೆಯಬೇಕು. ಹೆಚ್ಚುವರಿ ಒಂದು ಚದರ ಪುರುಷವನ್ನು ಹದಿನೈದು ಭಾಗ ಮಾಡಿ, ಪ್ರತಿಯೊಂದು ಚದರ ಪುರುಷಕ್ಕೆ ಎರಡೆರಡು ಭಾಗಗಳನ್ನು ಸೇರಿಸಿ, ಬಂದ ಚೌಕದ ಬಾಹುವನ್ನೇ ಹೊಸ ಅಳತೆಗೋಲಾಗಿ ಮಾಡಿಕೊಳ್ಳುವುದು ಅಲ್ಲಿನ ಕ್ರಮ. ಏಳೂವರೆಯನ್ನು 17/15ರಿಂದ ಗುಣಿಸಿದರೆ ಎಂಟೂವರೆ ಬರುತ್ತದೆ. ಬಾಹು ಮಾತ್ರ 17/15ರ ವರ್ಗಮೂಲದಷ್ಟು, ಅಂದರೆ ಶೇಕಡಾ ಆರೂವರೆಯಷ್ಟು ಹಿಗ್ಗುತ್ತದೆ.

ಮೇಡಂ ಅವರು ಹೇಳಿದ ವಾದವೇ ಇದರ ಒಳಗಿದೆ: ಅಳತೆಯ ಚೌಕವನ್ನು ಬದಲಾಯಿಸಿ, ಚೌಕಗಳ ಸಂಖ್ಯೆಯನ್ನು ಬದಲಾಯಿಸದಿರುವುದು. ಎರಡು ಪಟ್ಟು ವಿಸ್ತೀರ್ಣದ ಚೌಕ ಬೇಕಾದರೆ ಮೂಲ ಚೌಕದ ಕರ್ಣವನ್ನೇ ಬಾಹುವಾಗಿ ತೆಗೆದುಕೊಳ್ಳಬೇಕೆಂದು ಶುಲ್ಬಸೂತ್ರಕಾರನಾದ ಬೌಧಾಯನ ಹೇಳಿದ್ದಾನೆ. ಅದರ ಬೆಲೆಯನ್ನು ಒಂದಕ್ಕೆ ಮೂರನೆಯ ಒಂದು ಭಾಗವನ್ನು ಸೇರಿಸಿ, ಆ ಭಾಗದ ನಾಲ್ಕನೆಯ ಒಂದನ್ನು ಸೇರಿಸಿ, ಕೊನೆಗೆ ಸೇರಿಸಿದ ಭಾಗದ ಮೂವತ್ನಾಲ್ಕನೆಯ ಒಂದನ್ನು ಕಳೆದು ಪಡೆಯುವ ಕ್ರಮವೂ ಅಲ್ಲಿದೆ. ಆ ಲೆಕ್ಕ 577/408, ಅಂದರೆ 1.41421ಕ್ಕಿಂತ ಕಿಂಚಿತ್ತು ಹೆಚ್ಚು. ಜೆರಾಕ್ಸ್ ಯಂತ್ರದ 141ಕ್ಕಿಂತ ಇದು ಬಹಳ ಸೂಕ್ಷ್ಮವಾದ ಬೆಲೆ.

ಮರುಪ್ರಶ್ನೆ: ಚನ್ನಗಿರಿಯ ಅಡಿಕೆ ಬೆಳೆಗಾರ

ಹಾಗಾದರೆ ಕೃಷಿ ಹೊಂಡದ ವಿಚಾರದಲ್ಲಿ ಈ ನಿಯಮವನ್ನು ಹೇಗೆ ಬಳಸಬೇಕು? ನಮ್ಮ ಕಡೆ 10 ಮೀಟರಿಗೆ 10 ಮೀಟರಿನ ಹೊಂಡವನ್ನು 20ಕ್ಕೆ 20 ಮಾಡಿಸಿದರೆ ನೀರು ಎಂಟು ಪಟ್ಟು ಹಿಡಿಯುತ್ತದೆ ಎಂದು ಒಬ್ಬರು, ನಾಲ್ಕೇ ಪಟ್ಟು ಎಂದು ಇನ್ನೊಬ್ಬರು ಹೇಳುತ್ತಾರೆ. ಆಳ ಎರಡಕ್ಕೂ 3 ಮೀಟರ್.

ಉತ್ತರ: ಸಿವಿಲ್ ಎಂಜಿನಿಯರ್, ಚಿತ್ರದುರ್ಗ

ಇಬ್ಬರ ಮಾತೂ ಸರಿಹೊಂದುವುದಿಲ್ಲ, ಏಕೆಂದರೆ ಹೊಂಡದ ಬದಿಗಳು ಇಳಿಜಾರಾಗಿರುತ್ತವೆ. ಬದಿಯ ಇಳಿಜಾರು ಒಂದಕ್ಕೆ ಒಂದು ಎಂದಿಟ್ಟುಕೊಳ್ಳೋಣ. ಆಗ 3 ಮೀಟರ್ ಆಳಕ್ಕೆ ಪ್ರತಿ ಬದಿಯಿಂದ 3 ಮೀಟರ್ ಒಳಗೆ ಸರಿಯುವುದರಿಂದ, ಮೇಲೆ 10ಕ್ಕೆ 10 ಇರುವ ಹೊಂಡದ ತಳ 4ಕ್ಕೆ 4 ಆಗುತ್ತದೆ, ಮೇಲೆ 20ಕ್ಕೆ 20 ಇರುವುದರ ತಳ 14ಕ್ಕೆ 14 ಆಗುತ್ತದೆ. ತಳ ಮೂರೂವರೆ ಪಟ್ಟು ಅಗಲವಾಗಿದೆ, ಬಾಯಿ ಎರಡು ಪಟ್ಟು ಅಗಲವಾಗಿದೆ, ಆಳ ಬದಲಾಗಿಲ್ಲ. ಇವು ಸಮರೂಪ ಆಕಾರಗಳಲ್ಲ, ಹಾಗಾಗಿ ಘನವಾಗಲೀ ವರ್ಗವಾಗಲೀ ನೇರವಾಗಿ ಅನ್ವಯಿಸುವುದಿಲ್ಲ. ಲೆಕ್ಕ ಹಾಕಿದರೆ ಚಿಕ್ಕ ಹೊಂಡದ ಗಾತ್ರ 156 ಘನ ಮೀಟರ್, ದೊಡ್ಡದರದು 876 ಘನ ಮೀಟರ್, ಸುಮಾರು 5.6 ಪಟ್ಟು. ಆಳವನ್ನೂ 6 ಮೀಟರಿಗೆ ಏರಿಸಿ ತಳವನ್ನು 8ಕ್ಕೆ 8 ಮಾಡಿದ್ದರೆ ಮಾತ್ರ ಸರಿಯಾಗಿ ಎಂಟು ಪಟ್ಟು, 1,248 ಘನ ಮೀಟರ್ ಆಗುತ್ತಿತ್ತು. ಆದರೆ ಅಷ್ಟು ಆಳದ ಹೊಂಡ ಜನ ಜಾನುವಾರುಗಳಿಗೆ ಅಪಾಯಕರ.

ನಮ್ಮಂತಹ ಒಣ ಸೀಮೆಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಬಿಸಿಲಿಗೆ ತೆರೆದಿರುವ ನೀರಿನ ಮೇಲ್ಮೈ. ಅದು 100ರಿಂದ 400 ಚದರ ಮೀಟರಿಗೆ ನಾಲ್ಕು ಪಟ್ಟಾಗುತ್ತದೆ, ನೀರು 5.6 ಪಟ್ಟಾಗುತ್ತದೆ. ದಿನಕ್ಕೆ 5 ಮಿ.ಮೀ. ಆವಿಯಾಗುತ್ತದೆಂದು ಭಾವಿಸಿದರೆ, ತುಂಬಿದ ಚಿಕ್ಕ ಹೊಂಡ ದಿನಕ್ಕೆ 500 ಲೀಟರ್ ಕಳೆದುಕೊಳ್ಳುತ್ತದೆ, ಅದು ಅದರ ನೀರಿನ ಶೇಕಡಾ 0.32, ದೊಡ್ಡ ಹೊಂಡ 2,000 ಲೀಟರ್ ಕಳೆದುಕೊಂಡರೂ ಅದು ಶೇಕಡಾ 0.23 ಮಾತ್ರ. ಒಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯ ಲೆಕ್ಕವೂ ಹೀಗೆಯೇ ಅನುಕೂಲಕರ: ಅಂಚಿನ ಮಡಿಕೆಯನ್ನು ಬಿಟ್ಟು ಚಿಕ್ಕ ಹೊಂಡಕ್ಕೆ ಸುಮಾರು 135 ಚದರ ಮೀಟರ್, ದೊಡ್ಡದಕ್ಕೆ 485 ಚದರ ಮೀಟರ್ ಬೇಕಾಗುತ್ತದೆ, ಅಂದರೆ 3.6 ಪಟ್ಟು.

ಆದ್ದರಿಂದ ತಮಗೆ ಜಾಗ ಒಂದೇ ಕಡೆ ದೊರೆಯುವುದಾದರೆ ನಾಲ್ಕು ಚಿಕ್ಕ ಹೊಂಡಗಳ ಬದಲು ಒಂದು ದೊಡ್ಡ ಹೊಂಡವನ್ನೇ ತೋಡಿಸಿರಿ. ಎರಡೂ ಏರ್ಪಾಡುಗಳು 400 ಚದರ ಮೀಟರ್ ನೆಲವನ್ನೇ ಬಳಸುತ್ತವೆ, ಆವಿಯಾಗುವ ನೀರೂ ಅಷ್ಟೇ. ಆದರೆ ನಾಲ್ಕು ಚಿಕ್ಕವು ಒಟ್ಟು 624 ಘನ ಮೀಟರ್ ಹಿಡಿದರೆ ಒಂದು ದೊಡ್ಡದು 876 ಘನ ಮೀಟರ್ ಹಿಡಿಯುತ್ತದೆ, ಹಾಳೆಯಲ್ಲಿಯೂ ಸುಮಾರು 55 ಚದರ ಮೀಟರ್ ಉಳಿಯುತ್ತದೆ. ಇಳಿಜಾರಿನ ಜಮೀನಾದರೆ ಮಾತ್ರ ಇದು ಬದಲಾಗಬಹುದು, ಏಕೆಂದರೆ ಅಲ್ಲಿ 20 ಮೀಟರ್ ಅಗಲದ ಹೊಂಡಕ್ಕೆ ಕೆಳಬದಿಯ ಏರಿಯನ್ನು ಎತ್ತರಿಸಬೇಕಾಗುತ್ತದೆ. ತೋಡಿಸುವ ಮೊದಲು ನೆಲದ ಮಟ್ಟವನ್ನು ಅಳೆಸಿಕೊಳ್ಳಿರಿ.